ಅದಿರು ಮುಗಿಯುವ ಮೊದಲೇ ಮುಗಿದ ಊರು

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಸೌತ್ ಕೆನರಾ ಎಂಬ ಹೆಸರು ಸರ್ಕಾರಿ ಕಾಗದಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಬಸ್ಸಿನವರ ಬಾಯಲ್ಲಿ ಮಾತ್ರ ಆ ಗಡಿ ಇನ್ನೂ ಉಳಿದಿದೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕೆರೆಕಟ್ಟೆಯ ಮೇಲೆ ಶೃಂಗೇರಿಗೆ, ಇನ್ನೊಂದು ಕಳಸಕ್ಕೆ. ಕಳಸದ ದಾರಿಯಲ್ಲಿ ಶೋಲಾ ಕಾಡು, ಹುಲ್ಲಿನ ಗುಡ್ಡ, ಹನುಮನಗುಂಡಿ, ಕಡಾಂಬಿ ಜಲಪಾತಗಳನ್ನು ಹಾದು ಹೋಗುತ್ತಿದ್ದಂತೆ, ಮನೆಯೊಂದೂ ಕಾಣದ ಆ ಕಾಡಿನ ನಡುವೆ ದಿಢೀರನೆ ಒಂದು ಪಟ್ಟಣ ಎದುರಾಗುತ್ತದೆ. ಸಾಲು ಸಾಲು ಕ್ವಾರ್ಟರ್ಸ್‌ಗಳು, ಅಗಲ ರಸ್ತೆಗಳು, ಬೀದಿ ದೀಪದ ಕಂಬಗಳು. ಪಕ್ಕದಲ್ಲೇ ಭದ್ರಾ ಹೊಳೆ.

ಊರಿಗೆ ಬೇಕಾದದ್ದೆಲ್ಲ ಇದೆ, ಊರವರಿಲ್ಲ. ಗೋಡೆಗಳಿಗೆ ಪಾಚಿ ಹಬ್ಬಿದೆ. ಬಾಗಿಲು ಕಿತ್ತುಹೋದ ಮನೆಗಳ ಒಳಗೆ ಗಿಡ ಬೆಳೆದಿದೆ. ವರ್ಷಕ್ಕೆ 6,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಾಗವಿದು. ಇಲ್ಲಿ ಸೂರು ನಿಲ್ಲಬೇಕಾದರೆ ವರ್ಷವರ್ಷವೂ ಅದನ್ನು ನೋಡಿಕೊಳ್ಳುವವರಿರಬೇಕು. ಅವರು ಹೋದ ಮೇಲೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹೆಂಚು, ಶೀಟು, ಕಿಟಕಿ ಒಂದೊಂದಾಗಿ ಕೈಬಿಡುತ್ತವೆ.

ಇದು ಕುದುರೆಮುಖ. ಚಿಕ್ಕಮಗಳೂರು ಜಿಲ್ಲೆಯ ಈ ಗಣಿ ಪಟ್ಟಣ ಹುಟ್ಟಿದ್ದು 1970ರ ದಶಕದ ನಡುವಿನಲ್ಲಿ, ಗಣಿ ಮುಚ್ಚಿದ್ದು 2005ರ ಡಿಸೆಂಬರ್ 31ರಂದು. ಮೂವತ್ತು ವರ್ಷವನ್ನೂ ತುಂಬಿಸದ ಆಯುಷ್ಯ.

ಗಣಿ ಊರುಗಳು ಹಾಳುಬೀಳುವುದು ಹೊಸದೇನಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಕಾರಣ ಯಾರಿಗೂ ಒಗಟಾಗಿರಲಿಲ್ಲ. ಆಳಕ್ಕೆ ಇಳಿದಷ್ಟೂ ಚಿನ್ನ ಕಡಿಮೆಯಾಯಿತು, ಖರ್ಚು ಹೆಚ್ಚಿತು, ಲೆಕ್ಕ ತಾಳೆಯಾಗಲಿಲ್ಲ. ಕುದುರೆಮುಖದ ಕತೆ ಹಾಗಲ್ಲ. ಇಲ್ಲಿ ಕಂಪನಿ ಲಾಭದಲ್ಲಿತ್ತು, ಗಿರಾಕಿಗಳಿದ್ದರು, ಗುಡ್ಡದೊಳಗೆ ಇನ್ನೂ ಅದಿರಿತ್ತು. ಆದರೂ ಊರು ಖಾಲಿಯಾಯಿತು. ಯಾವ ನೀರು ಇಲ್ಲಿ ಗಣಿಗಾರಿಕೆಯನ್ನು ಸಾಧ್ಯ ಮಾಡಿತ್ತೋ ಆ ನೀರೇ ಅದನ್ನು ನಿಲ್ಲಿಸಲೂ ಕಾರಣವಾಯಿತು.

ಈ ಬೆಟ್ಟಗಳಲ್ಲಿ ಕಬ್ಬಿಣವಿದೆಯೆಂದು 1913ರಲ್ಲೇ ಗೊತ್ತಾಗಿತ್ತು. ಕಂಡುಹಿಡಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಆದರೆ ಗೊತ್ತಾದ ಮೇಲೂ ಆರು ದಶಕ ಯಾರೂ ಅದನ್ನು ಮುಟ್ಟಲಿಲ್ಲ. ಅದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು ದಾರಿ. ಘಟ್ಟದ ನೆತ್ತಿಯ ಈ ಕಣಿವೆಗೆ ಎತ್ತಿನಗಾಡಿ ಬರುವುದೇ ಕಷ್ಟವಾಗಿತ್ತು. ಎರಡನೆಯದು ಅದಿರಿನ ಗುಣ. ಬಳ್ಳಾರಿ-ಸಂಡೂರಿನ ಕೆಂಪು ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಗೆದು ಲಾರಿಗೆ ತುಂಬಿದರೆ ಮಾರಾಟಕ್ಕೆ ಸಿದ್ಧ. ಕುದುರೆಮುಖದ್ದು ಮ್ಯಾಗ್ನಟೈಟ್, ಕಬ್ಬಿಣ ಸುಮಾರು ಶೇ. 38 ಮಾತ್ರ, ಉಳಿದದ್ದು ಹೆಚ್ಚಾಗಿ ಬೆಣಚುಕಲ್ಲು. ಇದ್ದ ಹಾಗೆ ಅದನ್ನು ಕೊಳ್ಳುವವರಿರಲಿಲ್ಲ. ನುಣ್ಣಗೆ ಅರೆದು, ಕಬ್ಬಿಣದ ಕಣವನ್ನು ಕಲ್ಲಿನ ಕಣದಿಂದ ಬೇರ್ಪಡಿಸಿದರೆ ಮಾತ್ರ ಅದಕ್ಕೆ ಬೆಲೆ. ಆ ಕೆಲಸಕ್ಕೆ ದೊಡ್ಡ ಯಂತ್ರ ಬೇಕು, ವಿಪರೀತ ನೀರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹಣ ಬೇಕು.

ನೀರು ಭದ್ರಾ ಕಣಿವೆಯಲ್ಲಿತ್ತು. ಹಣ ಬಂದದ್ದು ಇರಾನಿನಿಂದ.

1973ರ ನಂತರ ಕಚ್ಚಾ ತೈಲದ ಬೆಲೆ ಏರಿ ಇರಾನಿನ ಬೊಕ್ಕಸ ತುಂಬಿ ತುಳುಕುತ್ತಿತ್ತು. ಅಲ್ಲಿನ ದೊರೆ ಶಾ ಮಹಮ್ಮದ್ ರೆಜಾ ಪಹ್ಲವಿಗೆ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲ. ಅವಕ್ಕೆ ಅದಿರು ಬೇಕಿತ್ತು. ತೈಲ ಕೊಂಡು ಕೊಂಡು ಬಡವಾಗಿದ್ದ ಭಾರತಕ್ಕೆ ವಿದೇಶಿ ವಿನಿಮಯ ಬೇಕಿತ್ತು. 1975ರ ನವೆಂಬರಿನಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ 21 ವರ್ಷಗಳಲ್ಲಿ 15 ಕೋಟಿ ಟನ್ ಸಂಸ್ಕರಿತ ಅದಿರು ಕೊಡುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ, ಇಂದಿನ ಕೆಐಒಸಿಎಲ್, ಹುಟ್ಟಿತು. ಅದಕ್ಕೂ ಮೊದಲು, 1969ರ ಜುಲೈನಿಂದಲೇ ಲೆಕ್ಕಕ್ಕೆ ಬರುವಂತೆ, 4,600 ಹೆಕ್ಟೇರಿಗೂ ಹೆಚ್ಚು ಜಾಗಕ್ಕೆ 30 ವರ್ಷದ ಗಣಿ ಗುತ್ತಿಗೆ ಆಗಿತ್ತು. ಆ ತಾರೀಖನ್ನು ಆಗ ಯಾರೂ ಅಷ್ಟಾಗಿ ಗಮನಿಸಿರಲಾರರು.

ಮುಂದಿನ ನಾಲ್ಕು ವರ್ಷ ಕಣಿವೆಯ ಚಹರೆಯೇ ಬದಲಾಯಿತು. ಭತ್ತದ ಗದ್ದೆಗಳಿದ್ದ ಮಲ್ಲೇಶ್ವರದ ಬಯಲಿನಲ್ಲಿ ಪಟ್ಟಣ ಎದ್ದಿತು. ಘಟ್ಟದಲ್ಲಿ ಭಾರೀ ವಾಹನಗಳು ಹತ್ತುವಂಥ ರಸ್ತೆಯಾಯಿತು. ಇಲ್ಲಿಯ ಮಳೆಗಾಲದಲ್ಲಿ ಸಿಮೆಂಟು ಕಲಸಲು ಹೊರಡುವುದೇ ಒಂದು ಸಾಹಸ. ಬೇಸಗೆಯ ನಾಲ್ಕೈದು ತಿಂಗಳಿನಲ್ಲಿ ಆದಷ್ಟು ಕೆಲಸ ಮುಗಿಸುವ ಧಾವಂತದಲ್ಲಿ 1980ರ ವೇಳೆಗೆ ಕಾರ್ಖಾನೆ ಸಿದ್ಧವಾಯಿತು. ವರ್ಷಕ್ಕೆ 2 ಕೋಟಿ 26 ಲಕ್ಷ ಟನ್ ಕಲ್ಲು ಒಡೆದು 75 ಲಕ್ಷ ಟನ್ ಸಂಸ್ಕರಿತ ಅದಿರು ತೆಗೆಯುವ ಸಾಮರ್ಥ್ಯ ಅದಕ್ಕಿತ್ತು.

ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ ಗಿರಾಕಿ ಇರಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಶಾ ದೇಶ ಬಿಟ್ಟು ಓಡಿದ. ಅಷ್ಟರೊಳಗೆ ಬಂದದ್ದು 25.5 ಕೋಟಿ ಡಾಲರ್. ಮಿಕ್ಕದ್ದು ಬರಲೇ ಇಲ್ಲ, ಅದಿರು ಒಯ್ಯಲು ಹಡಗೂ ಬರಲಿಲ್ಲ. ಉಳಿದ ಹಣವನ್ನು ಭಾರತ ಸರ್ಕಾರವೇ ಹಾಕಿ ಕೆಲಸ ಮುಗಿಸಿತ್ತು. ಒಬ್ಬನೇ ಗಿರಾಕಿಗೆಂದು ಕಟ್ಟಿದ ಅಂಗಡಿಗೆ ಈಗ ಬೇರೆ ಗಿರಾಕಿ ಹುಡುಕಬೇಕಾಯಿತು. ನಿಧಾನಕ್ಕೆ ಜಪಾನ್, ಚೀನಾ ಮೊದಲಾದ ದೇಶಗಳು ಕೊಳ್ಳತೊಡಗಿದವು. 1987ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಪೆಲೆಟ್ ಕಾರ್ಖಾನೆ ಶುರುವಾದ ಮೇಲೆ, ಹುಡಿ ಅದಿರನ್ನು ಗೋಲಿಯಷ್ಟು ಗಾತ್ರದ ಉಂಡೆಗಳಾಗಿ ಸುಟ್ಟು ಹೆಚ್ಚಿನ ಬೆಲೆಗೆ ಮಾರುವುದೂ ಸಾಧ್ಯವಾಯಿತು.

ಗುಡ್ಡದ ಕಲ್ಲು ಹಡಗು ಸೇರುತ್ತಿದ್ದ ಬಗೆ ಅಂದಿನ ಕಾಲಕ್ಕೆ ಬೆರಗಿನ ಸಂಗತಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಸಿಡಿಮದ್ದಿಟ್ಟು ಒಡೆಯುತ್ತಿದ್ದರು. ದೈತ್ಯ ಡಂಪರುಗಳು ಕಲ್ಲನ್ನು ಕ್ರಷರಿಗೆ ಸುರಿಯುತ್ತಿದ್ದವು. ಅಲ್ಲಿಂದ ಅದು ಅರೆಯುವ ಗಿರಣಿಗೆ ಹೋಗಿ, ನೀರಿನ ಜತೆ ತಿರುಗಿ ತಿರುಗಿ ನುಣ್ಣಗಾಗುತ್ತಿತ್ತು. ಮ್ಯಾಗ್ನಟೈಟಿಗೆ ಅಯಸ್ಕಾಂತ ಹಿಡಿಯುವ ಗುಣವಿರುವುದರಿಂದ ಕಾಂತೀಯ ಡ್ರಮ್ಮುಗಳು ಕಬ್ಬಿಣದ ಕಣವನ್ನು ಎಳೆದುಕೊಳ್ಳುತ್ತಿದ್ದವು. ಬೆಣಚುಕಲ್ಲಿನ ಹುಡಿ ನೀರಿನೊಂದಿಗೆ ಆಚೆ ಹರಿಯುತ್ತಿತ್ತು. ಶೇ. 38 ಇದ್ದ ಕಬ್ಬಿಣ ಹೀಗೆ ಶೇ. 67ರ ಸಮೀಪಕ್ಕೆ ಏರುತ್ತಿತ್ತು.

ಆಮೇಲಿನದು ಪೈಪಿನ ಕೆಲಸ. ಅದಿರಿನ ಹುಡಿಗೆ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು, 67 ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆಯಲ್ಲಿ ಬಿಡುತ್ತಿದ್ದರು. ಘಟ್ಟದ ಇಳಿಜಾರೇ ಅದನ್ನು ಕರಾವಳಿಗೆ ಮುಟ್ಟಿಸುತ್ತಿತ್ತು. ಲಾರಿಯಿಲ್ಲ, ರೈಲಿಲ್ಲ. ಪಣಂಬೂರಿನಲ್ಲಿ ನೀರನ್ನು ಸೋಸಿ ತೆಗೆದರೆ ಕಪ್ಪು ಹುಡಿ ಹಡಗಿಗೆ ತಯಾರು. ಹಂತ ಹಂತದಲ್ಲೂ ನೀರೇ ಕೂಲಿಯಾಳು. ಗಣಿಯ ಜಾಗ ಭದ್ರೆಯ ಮೇಲ್ಕಣಿವೆಯಲ್ಲದೆ ಬೇರೆಲ್ಲಾದರೂ ಇದ್ದಿದ್ದರೆ ಈ ಯೋಜನೆ ಕಾಗದದಿಂದ ಮೇಲೇಳುತ್ತಿತ್ತೋ ಇಲ್ಲವೋ.

ಊರೂ ಅಷ್ಟೇ ಅಚ್ಚುಕಟ್ಟಾಗಿತ್ತು. ಕ್ವಾರ್ಟರ್ಸ್, ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯ, ಕ್ಲಬ್ಬು, ಆಟದ ಮೈದಾನ, ಅತಿಥಿಗೃಹ, ದೇವಸ್ಥಾನ, ಚರ್ಚು, ಮಸೀದಿ ಎಲ್ಲವೂ ಕಂಪನಿಯ ನಕ್ಷೆಯಲ್ಲಿ ಎದ್ದವು. ಕೆಲಸಕ್ಕೆ ಬಂದವರು ಘಟ್ಟದ ಮೇಲಿನವರು, ಕೆಳಗಿನವರು, ದೇಶದ ಬೇರೆ ಬೇರೆ ರಾಜ್ಯದವರು. ಕನ್ನಡ, ತುಳು, ಕೊಂಕಣಿ, ಮಲಯಾಳ, ತಮಿಳು, ಹಿಂದಿ ಒಂದೇ ಸಾಲಿನ ಮನೆಗಳಲ್ಲಿ ಕೇಳುತ್ತಿದ್ದವು. ಕರೆಂಟು, ನಲ್ಲಿ ನೀರು, ಡಾಕ್ಟರು ಸುತ್ತಲ ಮಲೆನಾಡಿನ ಹಳ್ಳಿಗಳಿಗೆ ಇನ್ನೂ ದೂರದ ಮಾತಾಗಿದ್ದ ಕಾಲಕ್ಕೆ ಇಲ್ಲಿ ಅವು ದಿನಬಳಕೆಯಾಗಿದ್ದವು. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಎಂಟು ಸಾವಿರದಷ್ಟಿತ್ತು. ಸುಮಾರು 20 ಕಿಲೋಮೀಟರ್ ದೂರದ ಕಳಸದ ಅಂಗಡಿ, ಹೋಟೆಲು, ಜೀಪುಗಳಿಗೆ ಕಂಪನಿಯ ಸಂಬಳದ ದಿನವೆಂದರೆ ವ್ಯಾಪಾರದ ದಿನ.

ಇನ್ನು ಲೆಕ್ಕದ ಇನ್ನೊಂದು ಮಗ್ಗುಲು. ಮೂರು ಟನ್ ಕಲ್ಲು ಅರೆದರೆ ಮಾರುವ ಅದಿರು ಒಂದು ಟನ್. ಉಳಿದ ಎರಡು ಟನ್ ಎಲ್ಲಿಗೆ ಹೋಗಬೇಕು? ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಕಂಪನಿ ಒಂದು ಮಣ್ಣಿನ ಅಣೆಕಟ್ಟು ಕಟ್ಟಿತು. ಹಂತ ಹಂತವಾಗಿ ಏರಿಸಿ ಅದು ಸುಮಾರು 100 ಮೀಟರ್ ಎತ್ತರಕ್ಕೆ ಬಂತು. ಅಣೆಕಟ್ಟೆಂದರೆ ನೀರು ತುಂಬುವುದೆಂದು ನಾವು ತಿಳಿದಿದ್ದೇವೆ. ಇದು ತುಂಬಿದ್ದು ಗಣಿಯ ಕೆಸರಿನಿಂದ. ಕಾಡು ತುಂಬಿದ್ದ ಒಂದು ಕಣಿವೆ ಬೂದು ಬಣ್ಣದ ಹೂಳಿನಡಿ ಹೋಯಿತು.

ಅಣೆಕಟ್ಟೆಯೊಳಗೆ ನಿಂತದ್ದು ಕಾರ್ಖಾನೆಯ ಕೆಸರು. ಗುಡ್ಡದ ಮೈಯನ್ನೇ ಸುಲಿದು ಬಿಟ್ಟಿದ್ದರಿಂದ ಇಳಿಯುತ್ತಿದ್ದ ಮಣ್ಣನ್ನು ಹಿಡಿಯುವುದು ಅಷ್ಟು ಸುಲಭವಾಗಿರಲಿಲ್ಲ. ಶೋಲಾ ಕಾಡೂ ಹುಲ್ಲೂ ಇದ್ದಾಗ ಆಷಾಢದ ಜಡಿಮಳೆಯನ್ನು ಕುಡಿದು ಬೇಸಗೆಯವರೆಗೆ ನಿಧಾನಕ್ಕೆ ಬಿಡುತ್ತಿದ್ದ ಗುಡ್ಡ, ಈಗ ಮಳೆ ಬಿದ್ದಷ್ಟನ್ನೂ ಮಣ್ಣಿನ ಸಮೇತ ಹೊಳೆಗೆ ಇಳಿಸತೊಡಗಿತು. ಕೆಳಗಿನ ಊರುಗಳಲ್ಲಿ ಹೊಳೆ ಕೆಂಪಗೆ ಹರಿಯುವುದು, ಗದ್ದೆಗೆ ಹೂಳು ನುಗ್ಗುವುದು, ಕೊಳವೆ ಒಡೆದು ಅದಿರಿನ ಕೆಸರು ಚೆಲ್ಲುವುದು ದೂರುಗಳಾದವು. ಸಂಶೋಧಕ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ನೀರನ್ನು ಮಳೆಗಾಲದಲ್ಲಿ ಅಳೆದು ನೋಡಿದಾಗ, ಜಲಾನಯನದ ತೀರಾ ಸಣ್ಣ ಪಾಲಾದ ಗಣಿ ಪ್ರದೇಶವೇ ಹೊಳೆಯ ಹೂಳಿನ ಬಹುದೊಡ್ಡ ಪಾಲಿಗೆ ಕಾರಣವೆಂದು ಕಂಡುಬಂತು. ಆ ಹೂಳು ಎಲ್ಲೋ ಒಂದು ಕಡೆ ಸೇರಲೇಬೇಕು. ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಶಿವಮೊಗ್ಗ, ದಾವಣಗೆರೆ ಕಡೆಯ ಅಚ್ಚುಕಟ್ಟು ನಂಬಿರುವುದು ಅದನ್ನೇ.

ಗಣಿಯ ಸುತ್ತಲ ಕಾಡಿನ ಬೆಲೆಯೂ ಅದೇ ಕಾಲಕ್ಕೆ ಗೊತ್ತಾಗತೊಡಗಿತ್ತು. 1983-84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಮುಖದ ಸುತ್ತ ಬೂದುಬಿಳಿ ಕೇಸರವಿರುವ ಈ ಕಪ್ಪು ಕೋತಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೆ ಕೊಂಬೆ ಕೂಡಿರುವ ದಟ್ಟ ಕಾಡಿದ್ದರೆ ಮಾತ್ರ ಬದುಕುತ್ತದೆ. ಅದರ ಒಳ್ಳೆಯ ನೆಲೆಗಳಲ್ಲೊಂದು ಕುದುರೆಮುಖವೆಂದು ಕಂಡುಬಂತು. ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸರ್ಕಾರ 1987ರಲ್ಲಿ ಪ್ರಕಟಿಸಿತು. ಹೀಗೆ, ಒಂದು ಕಡೆ ಪೆಲೆಟ್ ಕಾರ್ಖಾನೆ ಶುರುವಾದ ವರ್ಷವೇ ಇನ್ನೊಂದು ಕಡೆ ಗಣಿಯ ಸುತ್ತ ಕಾನೂನಿನ ಬೇಲಿ ಬಿತ್ತು.

ಬೇಲಿ ಬಿದ್ದರೂ ಗಣಿ ನಡೆಯಿತು. ಗುತ್ತಿಗೆ ಹಳೆಯದು, 1969ರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆ 1980ರಲ್ಲಿ. ಎರಡಕ್ಕೂ ಮೊದಲಿನ ಕಾಗದ ಕಂಪನಿಯ ಕೈಯಲ್ಲಿತ್ತು. ಆದರೆ 30 ವರ್ಷದ ಗುತ್ತಿಗೆ 1999ರ ಜುಲೈಗೆ ಮುಗಿಯುವುದಿತ್ತು. ನವೀಕರಣವೆಂದರೆ ಹೊಸ ಅನುಮತಿ; ಹೊಸ ಅನುಮತಿಯೆಂದರೆ ಹೊಸ ಕಾನೂನು. ಕಂಪನಿ ಇನ್ನೂ 20 ವರ್ಷ ಕೇಳಿತು, ಜತೆಗೆ ನೆಲ್ಲಿಬೀಡು, ಗಂಗ್ರಿಕಲ್ ಗುಡ್ಡಗಳತ್ತಲೂ ಕಣ್ಣು ಹಾಕಿತು. ಅಲ್ಲೇ ಹತ್ತಿರದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲೆರಡು ಪೂರ್ವಕ್ಕೆ, ಮೂರನೆಯದು ಪಡುಗಡಲಿಗೆ. ಆ ಬೆಟ್ಟಸಾಲಿನ ನೆರೆಯಲ್ಲೇ ಹೊಸ ಗಣಿಯ ಮಾತು ಕೇಳಿದ್ದೇ ತಡ, ಅಷ್ಟು ದಿನ ಪರಿಸರವಾದಿಗಳ ಕೂಗು ಎನಿಸಿಕೊಂಡಿದ್ದ ವಿರೋಧ ಹೊಳೆ ಹರಿಯುವ ದಾರಿಯ ಊರೂರುಗಳಿಗೂ ಹಬ್ಬಿತು. ಶೃಂಗೇರಿ, ಶಿವಮೊಗ್ಗ ಸೀಮೆಯ ರೈತರೂ ವಿದ್ಯಾರ್ಥಿಗಳೂ ಬೀದಿಗಿಳಿದರು.

ಕೇಂದ್ರ ಸರ್ಕಾರ ತಾತ್ಕಾಲಿಕ ಪರವಾನಗಿ ಕೊಟ್ಟು ಕಾಲ ತಳ್ಳಿತು. ರಾಜ್ಯ ಸರ್ಕಾರ 2001ರಲ್ಲಿ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಡಿಸುವಾಗ ಗಣಿ ಪ್ರದೇಶವನ್ನು ಹೊರಗೆ ಬಿಟ್ಟಿತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ, ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೊರೆ ಹೋದರು. ದೇಶದ ಕಾಡುಗಳಿಗೆಲ್ಲ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದ ಭಾಗವಾಗಿ ವಾದ ನಡೆಯಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಈಗಾಗಲೇ ಒಡೆದಿರುವ ಜಾಗದಲ್ಲಿ, ಮೇಲ್ಪದರದ ಸವೆದ ಅದಿರನ್ನು ಮಾತ್ರ, 2005ರ ಕೊನೆಯವರೆಗೆ ತೆಗೆಯಬಹುದು. ಅಲ್ಲಿಗೆ ಮುಗಿಸಬೇಕು. ಅದರಡಿಯ ಗಟ್ಟಿ ಮೂಲ ಅದಿರು ಗುಡ್ಡದಲ್ಲೇ ಉಳಿಯಬೇಕು.

ಮೂರು ವರ್ಷ ಮೊದಲೇ ತಾರೀಖು ಗೊತ್ತಿದ್ದ ಮುಕ್ತಾಯ ಅದು. ಗಡುವು ಮುಂದೆ ಹೋಗುತ್ತದೆಂಬ ನಂಬಿಕೆ ಕೊನೆಯವರೆಗೂ ಹಲವರಿಗಿತ್ತು. ಲಾಭದಲ್ಲಿರುವ ಸರ್ಕಾರಿ ಕಂಪನಿಯನ್ನು ಮುಚ್ಚುತ್ತಾರೆಯೇ ಎಂಬುದು ಅವರ ಪ್ರಶ್ನೆ. ಮುಚ್ಚಿದರು. ಕೆಲವು ನೌಕರರಿಗೆ ಮಂಗಳೂರು, ಬೆಂಗಳೂರಿಗೆ ವರ್ಗವಾಯಿತು. ಹಲವರು ಸ್ವಯಂನಿವೃತ್ತಿ ತೆಗೆದುಕೊಂಡರು. ಗುತ್ತಿಗೆ ಕೆಲಸಗಾರರಿಗೆ, ಕಳಸದ ಅಂಗಡಿಯವರಿಗೆ, ಗಣಿಯನ್ನೇ ನೆಚ್ಚಿ ಜೀಪು ಇಟ್ಟವರಿಗೆ ಆ ಎರಡೂ ಇರಲಿಲ್ಲ. ಮಕ್ಕಳು ಕಡಿಮೆಯಾದಂತೆ ಶಾಲೆ ಸೊರಗಿತು, ಶಾಲೆ ಸೊರಗಿದಂತೆ ಉಳಿದ ಸಂಸಾರಗಳೂ ಗಂಟು ಕಟ್ಟಿದವು. ಕಂಪನಿ ಊರಿನ ಕಷ್ಟವೇ ಅದು. ಮನೆ ತಮ್ಮದಲ್ಲ, ಜಮೀನು ತಮ್ಮದಲ್ಲ, ಕೆಲಸ ಹೋದ ಮೇಲೆ ಅಲ್ಲಿ ಉಳಿಯಲು ಯಾವ ನೆಪವೂ ಇರುವುದಿಲ್ಲ. ಪಣಂಬೂರಿನ ಪೆಲೆಟ್ ಕಾರ್ಖಾನೆಯ ಬಾಳೂ ಬದಲಾಯಿತು. ಘಟ್ಟದಿಂದ ತಾನಾಗಿ ಇಳಿದು ಬರುತ್ತಿದ್ದ ಅದಿರನ್ನು ಅದು ಈಗ ಛತ್ತೀಸಗಢದ ಬೈಲಾಡಿಲದಂಥ ದೂರದ ಗಣಿಗಳಿಂದ ತರಿಸಿಕೊಳ್ಳಬೇಕಾಯಿತು.

ಕಾಡಿನೊಳಗಿನ ಹಳ್ಳಿಗಳವರಿಗೆ ಇದೇ ಕತೆ ಇನ್ನೊಂದು ಬಗೆಯಲ್ಲಿ ಕಂಡಿತು. ಗಣಿ ಬೇಡವೆಂದ ಕಾನೂನೇ ತಮ್ಮನ್ನೂ ಎಬ್ಬಿಸೀತೆಂಬ ಭಯ ಗೌಡಲು, ಮಲೆಕುಡಿಯರು ಮತ್ತಿತರ ಬಡ ಕುಟುಂಬಗಳಲ್ಲಿತ್ತು. ಗಣಿಗೆ ಸಾವಿರಾರು ಹೆಕ್ಟೇರು ಬಿಟ್ಟುಕೊಟ್ಟ ಸರ್ಕಾರ ತಮ್ಮ ಒಂದೆರಡು ಎಕರೆಯ ಮೇಲೇಕೆ ಕಣ್ಣು ಹಾಕಿದೆ ಎಂಬ ಅವರ ಪ್ರಶ್ನೆಗೆ ಉತ್ತರ ಕೊಡುವುದು ಯಾರಿಗೂ ಸುಲಭವಾಗಿರಲಿಲ್ಲ. ಆ ಅಸಮಾಧಾನದ ನೆಲದಲ್ಲೇ ನಕ್ಸಲ್ ಚಳವಳಿ ಕಾಲೂರಿತು. 2003ರಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ನಡೆದ ಎನ್‌ಕೌಂಟರಿನಿಂದ ಈ ಕಣಿವೆಯ ಹೆಸರು ಬೇರೆಯೇ ಕಾರಣಕ್ಕೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಸ್ವಇಚ್ಛೆಯಿಂದ ಕಾಡಿನ ಹಳ್ಳಿ ಬಿಟ್ಟು ಹೊರಬರುವ ಕುಟುಂಬಗಳಿಗೆ ಪರಿಹಾರ ಕೊಡುವ ಕೆಲಸ ಆಮೇಲೆ ಶುರುವಾಯಿತಾದರೂ ಅದು ಕುಂಟುತ್ತಲೇ ಸಾಗಿದೆ.

ಗಣಿ ನಿಂತ ಮೇಲೆ ಗುಡ್ಡದ ಗಾಯದ ಮೇಲೆ ಹುಲ್ಲು ಹಬ್ಬತೊಡಗಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು. ಈಗ ಈ ಕಡೆ ಬರುವವರು ಹೆಚ್ಚಾಗಿ ಚಾರಣಿಗರು. ಅರಣ್ಯ ಇಲಾಖೆಯ ಅನುಮತಿ ಪಡೆದು ಸುಮಾರು 1,890 ಮೀಟರ್ ಎತ್ತರದ ಶಿಖರ ಹತ್ತಿ ಇಳಿಯುತ್ತಾರೆ. ಕ್ವಾರ್ಟರ್ಸ್‌ಗಳತ್ತ ಹೊರಳಿ ಒಂದು ಫೋಟೋ ತೆಗೆದುಕೊಂಡು ಮುಂದೆ ಹೋಗುವವರೂ ಇದ್ದಾರೆ. ಅದಿರಿಗೆಂದು ಮಾಡಿದ ಘಟ್ಟದ ರಸ್ತೆ ಈಗ ಕರಾವಳಿಯವರನ್ನು ಕಳಸ, ಹೊರನಾಡಿಗೆ ಮುಟ್ಟಿಸುತ್ತದೆ.

ಖಾಲಿ ಊರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಹಲವು ಉತ್ತರಗಳು ಬಂದು ಹೋಗಿವೆ. ಪ್ರವಾಸಿ ತಾಣ ಮಾಡೋಣ ಎಂದವರಿದ್ದಾರೆ. ಕಟ್ಟಡಗಳನ್ನು ಕೆಡವಿ ಕಾಡಿಗೆ ಬಿಡಬೇಕೆಂದವರಿದ್ದಾರೆ. ಪ್ರವಾಸಿ ತಾಣವಾದರೆ ಹೋಟೆಲು, ವಾಹನ, ಕಸ ಎಲ್ಲವೂ ರಾಷ್ಟ್ರೀಯ ಉದ್ಯಾನದ ನಡುವೆ ಬಂದು ಕೂರುತ್ತವೆ. ಕಾಡಿಗೆ ಬಿಡಬೇಕಾದರೆ ಕಂಪನಿ ಮತ್ತು ಅರಣ್ಯ ಇಲಾಖೆಯ ನಡುವಿನ ಬಾಕಿ ವ್ಯವಹಾರ ಮೊದಲು ಬಗೆಹರಿಯಬೇಕು. ಆ ಬಾಕಿ ಎಷ್ಟು ಜೀವಂತವಾಗಿದೆಯೆಂಬುದು 2024ರಲ್ಲಿ ಗೊತ್ತಾಯಿತು. ಸಂಡೂರಿನ ದೇವದಾರಿಯಲ್ಲಿ ಹೊಸ ಗಣಿ ಶುರುಮಾಡಲು ಕೆಐಒಸಿಎಲ್ ಹೊರಟಾಗ, ಕುದುರೆಮುಖದ ಹಳೆಯ ಲೆಕ್ಕ ಚುಕ್ತಾ ಮಾಡದೆ ಅಲ್ಲಿ ಅರಣ್ಯ ಜಮೀನು ಕೊಡಬಾರದೆಂದು ರಾಜ್ಯದ ಅರಣ್ಯ ಸಚಿವರೇ ತಡೆದರು.

ಊರಿನ ಮನೆಗಳು ಕುಸಿದರೆ ಯಾರಿಗೂ ಅಪಾಯವಿಲ್ಲ. ಲಕ್ಯಾ ಅಣೆಕಟ್ಟೆಯ ವಿಷಯ ಹಾಗಲ್ಲ. ಕಾರ್ಖಾನೆ ನಡೆದ ಕಾಲು ಶತಮಾನದ ಹೂಳು ಅದರ ಹಿಂದೆ ಕೂತಿದೆ, ಅದನ್ನು ಎತ್ತಿ ಬೇರೆಡೆ ಹಾಕುವ ದಾರಿಯಿಲ್ಲ. ಗಣಿಯ ಆದಾಯ ನಿಂತು ಹೋದರೂ, ಪ್ರತಿ ಮಳೆಗಾಲಕ್ಕೂ ಮೊದಲು ಅಣೆಕಟ್ಟೆಯ ಏರಿ, ಹೆಚ್ಚುವರಿ ನೀರು ಹೋಗುವ ದಾರಿ, ಸೋರಿಕೆ ಎಲ್ಲವನ್ನೂ ಯಾರಾದರೂ ತಪಾಸಣೆ ಮಾಡಲೇಬೇಕು. ಅದರ ಖರ್ಚು ಯಾರದು, ಎಷ್ಟು ವರ್ಷ ಎಂಬುದನ್ನು 1975ರ ಒಪ್ಪಂದಕ್ಕೆ ಸಹಿ ಹಾಕಿದವರಾಗಲಿ, 1969ರ ಗುತ್ತಿಗೆ ಬರೆದವರಾಗಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ದೇಶದಲ್ಲಿ ಹೊಸದಾಗಿ ತೆರೆಯುವ ಗಣಿಗಳಿಗೆ ಮುಚ್ಚುವ ಯೋಜನೆಯನ್ನೂ ಮೊದಲೇ ಬರೆದುಕೊಡಬೇಕೆಂಬ ನಿಯಮ ಈಗ ಇದೆ. ಸಂಡೂರಿನ ಗುಡ್ಡಗಳ ವಾದದಲ್ಲಿ ಕುದುರೆಮುಖದ ಹೆಸರು ಮತ್ತೆ ಮತ್ತೆ ಬರುತ್ತಿರುವುದು, ಆ ಯೋಜನೆಯಲ್ಲಿ ಏನೇನು ಇರಬೇಕೆಂಬುದಕ್ಕೆ ಇಲ್ಲಿಯ ಕಣಿವೆಯೇ ಎದುರಿಗಿರುವ ಲೆಕ್ಕಪತ್ರವಾದ್ದರಿಂದ.